ಕೆರೆಯ ಮೇಲೆ ಪುಟಿದ ಗುಂಡು

ಬಾಗೂರಿನ ಕೆರೆಯಂಗಳದಲ್ಲಿ ಓಡುಬಿಲ್ಲೆ ಎಸೆದು ಕಪ್ಪೆ ಹಾರಿಸುವ ಆಟವಾಡದ ಹುಡುಗರು ನಮ್ಮ ಕಾಲದಲ್ಲಿ ಇರಲಿಲ್ಲ. ಓರೆಯಾಗಿ ನೀರನ್ನು ಮುಟ್ಟಿದ ಬಿಲ್ಲೆ ಮುಳುಗದೆ ಪುಟಿಯುತ್ತದೆ. ಬಂದೂಕಿನ ಗುಂಡಿನ ಸ್ವಭಾವವೂ ಅದೇ ಎಂಬುದು ನನಗೆ ತಿಳಿದದ್ದು 1961ರ ಚಳಿಗಾಲದ ಒಂದು ಬೆಳಿಗ್ಗೆ.

ಬಾತುಕೋಳಿಗಳ ಹಿಂಡು ಇಳಿದಿತ್ತು. ಶಿಕಾರಿಯ ಹವ್ಯಾಸವಿದ್ದ ಹಿರಿಯರೊಬ್ಬರು (ಹೆಸರು ಬೇಡ) ದಡದಲ್ಲಿ ಮೊಣಕಾಲೂರಿ ನಾಡಬಂದೂಕಿನಿಂದ ಗುಂಡು ಹಾರಿಸಿದರು. ಬಾತುಗಳು ಎದ್ದು ಹಾರಿದವು. ಮರುಕ್ಷಣವೇ ಎದುರು ದಡದಲ್ಲಿ ಠಣ್ ಎಂಬ ಸದ್ದು! ಅಲ್ಲಿ ಬಟ್ಟೆ ಒಗೆಯುತ್ತಿದ್ದವಳು ನನ್ನ ಅಕ್ಕ. ಅವಳ ಪಕ್ಕದಲ್ಲಿದ್ದ ತಾಮ್ರದ ಹಂಡೆ ತೂತಾಗಿತ್ತು. ಅಕ್ಕ ಹಂಡೆಯಿಂದ ಎರಡು ಮೊಳ ದೂರದಲ್ಲಿ ಕುಳಿತಿದ್ದಳು. "ನಾನು ನೀರಿಗೆ ತಾನೇ ಹೊಡೆದದ್ದು, ಗುಂಡು ಮುಳುಗಬೇಕಿತ್ತು" ಎಂದು ಆ ಹಿರಿಯರು ನಡುಗುತ್ತ ಪದೇಪದೇ ಹೇಳುತ್ತಿದ್ದರು. ಅವರು ಸುಳ್ಳಾಡುತ್ತಿರಲಿಲ್ಲ, ಹಾಗೆಂದೇ ನಂಬಿದ್ದರು.

ಮೇಷ್ಟರಾದ ಮೇಲೆ ಇದರ ಲೆಕ್ಕವನ್ನು ಓದಿಕೊಂಡೆ. ಸೀಸದ ಗೋಲಿ ಸುಮಾರು 5 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ನೀರಿಗೆ ಬಡಿದರೆ ಮುಳುಗದೆ ಮೇಲೇಳುತ್ತದೆ. ಹಿಂದಿನ ನೌಕಾಪಡೆಗಳು ಫಿರಂಗಿ ಗುಂಡುಗಳನ್ನು ಬೇಕೆಂದೇ ಹೀಗೆ ಪುಟಿಸುತ್ತಿದ್ದವು. 1943ರ ಮೇ ತಿಂಗಳಲ್ಲಿ ಬ್ರಿಟಿಷರು ಜರ್ಮನಿಯ ಮ್ಯೋನೆ ಅಣೆಕಟ್ಟನ್ನು ಒಡೆದದ್ದು ನೀರಿನ ಮೇಲೆ ಪುಟಿಯುವ ಬಾಂಬುಗಳಿಂದಲೇ. ನಮ್ಮ ಕಪ್ಪೆ ಆಟವೇ, ಮತ್ತೇನಲ್ಲ!

ಕಾನೂನಿನ ಕಥೆ ನಿಧಾನದ್ದು. ಮೈಸೂರು ಸಂಸ್ಥಾನದಲ್ಲಿ ಬೇಟೆ ಮತ್ತು ಮೀನುಗಳ ರಕ್ಷಣೆಗೆ 1901ರಲ್ಲಿಯೇ ಒಂದು ರೆಗ್ಯುಲೇಷನ್ ಬಂದಿತ್ತು. ಆದರೂ ನೀರುಹಕ್ಕಿಗಳ ಬೇಟೆ ದೊಡ್ಡವರ ಮೋಜಾಗಿಯೇ ಉಳಿಯಿತು. 1938ರ ನವೆಂಬರ್ 12ರಂದು ಭರತಪುರದಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಅವರ ತಂಡ ಒಂದೇ ದಿನ ನಾಲ್ಕು ಸಾವಿರಕ್ಕೂ ಮಿಕ್ಕಿ ಹಕ್ಕಿಗಳನ್ನು ಕೊಂದಿತು. ಎರಡೇ ವರ್ಷಗಳ ನಂತರ, 1940ರಲ್ಲಿ, ಸಲೀಂ ಅಲಿಯವರ ಮಾತಿಗೆ ಓಗೊಟ್ಟು ಮೈಸೂರು ಸಂಸ್ಥಾನವು ರಂಗನತಿಟ್ಟನ್ನು ಪಕ್ಷಿಧಾಮವಾಗಿಸಿತು. ಈ ಎರಡು ಸುದ್ದಿಗಳನ್ನು ಒಟ್ಟಿಗೆ ಹೇಳದೆ ನಾನು ಇತಿಹಾಸ ಪಾಠ ಮುಗಿಸುತ್ತಿರಲಿಲ್ಲ. ನನ್ನ ವಿದ್ಯಾರ್ಥಿಗಳಿಗೆ ನೆನಪಿರಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಮೊದಲಿಗೆ ಪರವಾನಗಿಯ ಬೇಟೆಗೆ ಎಡೆಯಿಟ್ಟಿತ್ತು. ಆ ಬಾಗಿಲು ಮುಚ್ಚಿದ್ದು 1991ರ ತಿದ್ದುಪಡಿಯಿಂದ. ಇನ್ನು ಮದುವೆ, ಮೆರವಣಿಗೆಗಳಲ್ಲಿ ಇತರರ ಜೀವಕ್ಕೆ ಅಪಾಯವಾಗುವಂತೆ ಸಂಭ್ರಮದ ಗುಂಡು ಹಾರಿಸುವವರಿಗೆ 2019ರ ಶಸ್ತ್ರಾಸ್ತ್ರ ಕಾಯ್ದೆ ತಿದ್ದುಪಡಿಯು ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸುತ್ತದೆ.

ಅಂದು ಯಾರೂ ಪೊಲೀಸರಿಗೆ ದೂರು ಕೊಡಲಿಲ್ಲ. ಆ ಹಿರಿಯರು ಬಂದೂಕನ್ನು ಅಟ್ಟಕ್ಕೇರಿಸಿದರು, ಮತ್ತೆ ಇಳಿಸಲಿಲ್ಲ. ಅಪ್ಪ ಹಂಡೆಗೆ ತೇಪೆ ಹಾಕಿಸಿದರು. ಅಕ್ಕನ ಮದುವೆಯಲ್ಲಿ ಎಣ್ಣೆನೀರಿಗೆ ನೀರು ಕಾದದ್ದು ಅದೇ ಹಂಡೆಯಲ್ಲಿ.