ವಿಮಾನಪುರದ ಜರ್ಮನ್ ಶಿಲ್ಪಿ ಕುರ್ಟ್ ಟಾಂಕ್

ಮಹದೇವಪುರದಿಂದ ಪಡುವಣಕ್ಕೆ ನಡೆದರೆ ದೊರೆಯುವ ವಿಮಾನಪುರದ ಕಾರ್ಖಾನೆಯು 1940ರಲ್ಲಿ ವಾಲ್‌ಚಂದ್ ಹೀರಾಚಂದರ ಉದ್ಯಮದಿಂದಲೂ ಮೈಸೂರು ಸರ್ಕಾರದ ನೆರವಿನಿಂದಲೂ ಸ್ಥಾಪಿತವಾದುದೆಂಬುದು ವಿದ್ವಜ್ಜನರಿಗೆ ವಿದಿತವೇ ಆಗಿದೆ. ಅಲ್ಲಿ ಸುಮಾರು ಒಂದು ದಶಕ ದುಡಿದ ಕುರ್ಟ್ ಟಾಂಕರನ್ನು ನೆನೆಯುವವರು ಅಲ್ಪ. ನೆನೆದರೂ, ಅವರ ವಿಮಾನವು ನಿರೀಕ್ಷಿತ ವೇಗವನ್ನು ಮುಟ್ಟಲಿಲ್ಲವೆಂಬ ದೂರೇ ಮೊದಲು ಕೇಳಿಬರುತ್ತದೆ. ಈ ದೂರು ಎಷ್ಟರಮಟ್ಟಿಗೆ ನ್ಯಾಯವೆಂಬುದೇ ಇಲ್ಲಿಯ ವಿಚಾರ.

ಟಾಂಕರು 1898ರಲ್ಲಿ ಬ್ರೋಂಬೆರ್ಗ್ ಪಟ್ಟಣದಲ್ಲಿ ಜನಿಸಿದರು. ಫೋಕ್ಕೆ-ವುಲ್ಫ್ ಸಂಸ್ಥೆಯಲ್ಲಿ ಅವರು ರಚಿಸಿದ ‘ಕೊಂಡೋರ್’ ವಿಮಾನವು 1938ರಲ್ಲಿ ಬರ್ಲಿನ್ನಿನಿಂದ ನ್ಯೂಯಾರ್ಕಿಗೆ ನಡುವೆ ಇಳಿಯದೆ ಹಾರಿತು. ಅವರಿಗೆ ಅಧಿಕ ಖ್ಯಾತಿಯನ್ನು ತಂದುದು 190ನೆಯ ಯುದ್ಧವಿಮಾನ. ಆ ಖ್ಯಾತಿಯು ನಾತ್ಸೀ ಪ್ರಭುತ್ವದ ಯುದ್ಧಕ್ಕಾಗಿ ದುಡಿದುದರಿಂದ ಬಂದುದೆಂಬುದನ್ನು ಚರಿತ್ರಕಾರನು ಮರೆಮಾಚಲಾಗದು. ಯುದ್ಧಾನಂತರ ಅವರು ಅರ್ಜೆಂಟೀನಾಕ್ಕೆ ಹೋಗಿ, 1956ರಲ್ಲಿ ಬೆಂಗಳೂರಿಗೆ ಬಂದರು.

ಇಲ್ಲಿ ನೆಲವು ಬರಡಾಗಿರಲಿಲ್ಲ. ಗಟ್ಟಿಂಗೆನ್ನಿನಲ್ಲಿ ಲುಡ್ವಿಗ್ ಪ್ರಾಂಡ್ಟ್ಲರ ಶಿಷ್ಯರಾಗಿದ್ದ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರಚಿತವಾದ ಎಚ್.ಟಿ. 2 ಶಿಕ್ಷಣವಿಮಾನವು 1951ರಲ್ಲಿಯೇ ಹಾರಿತ್ತು. ಆದರೆ ಅದು ಪಂಖದ ವಿಮಾನ. ಟಾಂಕರಿಂದ ಅಪೇಕ್ಷಿಸಿದುದು ಶಬ್ದದ ಇಮ್ಮಡಿ ವೇಗದ ಯುದ್ಧವಿಮಾನ. ಅವರು ಮೊದಲು ಪೂರ್ಣಗಾತ್ರದ, ಯಂತ್ರರಹಿತವಾದ ಮರದ ಮಾದರಿಯೊಂದನ್ನು ಮಾಡಿಸಿದರು. 1959ರಲ್ಲಿ ಡಕೋಟಾ ವಿಮಾನವು ಅದನ್ನು ಎಳೆದೊಯ್ದು ಆಕಾಶದಲ್ಲಿ ಬಿಡುತ್ತಿದ್ದಿತು. ಹಿಂಬಾಗಿದ ರೆಕ್ಕೆಯ ಗುಣದೋಷಗಳನ್ನು ಹೀಗೆ ಪರೀಕ್ಷಿಸಲಾಯಿತು. 1961ರ ಜೂನ್ 17ರಂದು ಸುರಂಜನ್ ದಾಸರು ನಿಜವಾದ ವಿಮಾನವನ್ನು ಹಾರಿಸಿದರು. ಇದಕ್ಕಿಟ್ಟ ಹೆಸರು ‘ಮಾರುತ್’. ಋಗ್ವೇದದ ಮರುತ್ತುಗಳನ್ನು ಬಲ್ಲ ನಮ್ಮ ಅಧ್ಯಾಪಕರಿಗೆ ಈ ರೂಪವು ಕೊಂಚ ವಿಲಕ್ಷಣವಾಗಿ ತೋರೀತು.

ಇನ್ನು ದೂರಿನ ಮಾತು. ಟಾಂಕರು ದೇಹವನ್ನು ರಚಿಸಿದುದು ಬ್ರಿಟನ್ನಿನ ಹೆಚ್ಚು ಬಲದ ಆರ್ಫಿಯಸ್ ಯಂತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು. ಅದರ ನಿರ್ಮಾಣವನ್ನು ಅಲ್ಲಿಯವರು ಮುಂದುವರಿಸಲಿಲ್ಲ. ಅಗತ್ಯವಾದ ಹಣವನ್ನು ಭಾರತವೂ ಒದಗಿಸಲಿಲ್ಲ. ಕೊನೆಗೆ ಸುಮಾರು 4,850 ಪೌಂಡ್ ನೂಕುಬಲದ ಹಳೆಯ ಆರ್ಫಿಯಸ್ ಯಂತ್ರಗಳೆರಡನ್ನೇ ಕೂಡಿಸಬೇಕಾಯಿತು. ಈಜಿಪ್ಟಿನ ಯಂತ್ರವೊಂದನ್ನು ಇದೇ ದೇಹಕ್ಕೆ ಜೋಡಿಸಿ ನೋಡಿದ ಯತ್ನವೂ ಫಲಿಸಲಿಲ್ಲ. ಹೀಗಿರಲಾಗಿ ಮಾರುತ್ ಶಬ್ದವೇಗದ ಅಂಚನ್ನು ಮುಟ್ಟಿ ನಿಂತುದಕ್ಕೆ ದೇಹಶಿಲ್ಪಿಯನ್ನು ದೂಷಿಸುವುದು ಸಲ್ಲದೆಂದು ನಮ್ಮ ಮತ. ಯಂತ್ರವು ನಿಶ್ಚಿತವಾಗುವ ಮುನ್ನವೇ ದೇಹವನ್ನು ಕೆತ್ತತೊಡಗಿದ ದುಡುಕು ಮಾತ್ರ ಅವರದೂ ಹೌದು, ಸರ್ಕಾರದ್ದೂ ಹೌದು.

ಟಾಂಕರು 1967ರಲ್ಲಿ ಬೆಂಗಳೂರನ್ನು ಬಿಟ್ಟರು. ಮಾರುತ್‌ನ ವೇಗವನ್ನು ಹೆಚ್ಚಿಸುವ ಪ್ರಯೋಗದಲ್ಲಿದ್ದ ದಾಸರು 1970ರ ಜನವರಿಯಲ್ಲಿ ವಿಮಾನವು ಬಿದ್ದು ಮಡಿದರು. ಮರುವರ್ಷದ ಡಿಸೆಂಬರಿನಲ್ಲಿ ರಾಜಸ್ಥಾನದ ರಣಾಂಗಣದ ಮೇಲೆ ಮಾರುತ್‌ಗಳು ಹಾರಿದವು. ಟಾಂಕರು 1983ರಲ್ಲಿ ಮ್ಯೂನಿಕ್ಕಿನಲ್ಲಿ ಕಾಲವಾದರು.