ಜಗಲಿಯ ಬ್ರಹ್ಮಕಮಲ, ಬೇಲಿಯ ಪಾಪಾಸುಕಳ್ಳಿ

ಇವತ್ತು ಶುಂಠಿ, ಮುಸುಕಿನ ಜೋಳ ಬಿಟ್ಟು ಜಗಲಿಯ ಒಂದು ಗಿಡದ ವಿಷಯ ಬರೀತೀನಿ. ನಮ್ಮವ್ವ ತೂಗುಕುಂಡದಲ್ಲಿ ಸಾಕಿದ್ದ ಬ್ರಹ್ಮಕಮಲವನ್ನ ಅವಳು ತೀರಿಹೋದ ವರ್ಷವೇ ನಾನು ಕೊಳೆಸಿಬಿಟ್ಟೆ. ಮೂವತ್ತು ವರ್ಷ ಬೇಸಾಯ ಮಾಡಿದವನಿಗೆ ಒಂದು ಕುಂಡದ ಗಿಡ ಉಳಿಸೋಕೆ ಆಗಲಿಲ್ಲ. ಯಾಕೆ ಹೀಗಾಯ್ತು ಅಂತ ಹುಡುಕ್ತಾ ಹೋದಾಗ ಸಿಕ್ಕಿದ ಚರಿತ್ರೆ ಇದು.

ಹಿಮಾಲಯದ ಬ್ರಹ್ಮಕಮಲ ಬೇರೆ, ಅದು ಉತ್ತರಾಖಂಡದ ರಾಜ್ಯಪುಷ್ಪ. ನಮ್ಮ ಮನೆಗಳಲ್ಲಿ ಜೋತುಬಿದ್ದು ರಾತ್ರಿ ಹೊತ್ತು ಅರಳೋದು ಮೆಕ್ಸಿಕೋ ಕಡೆಯ ಕಳ್ಳಿ. ಎಪಿಫಿಲಮ್ ಅಂತ ಅದರ ಹೆಸರು. ನಾವು ಎಲೆ ಅನ್ನೋದು ಎಲೆಯೇ ಅಲ್ಲ, ಚಪ್ಪಟೆ ಕಾಂಡ. ಅದಕ್ಕೇ ಅದರ ಅಂಚಿನಲ್ಲೇ ಮೊಗ್ಗು ಮೂಡುತ್ತೆ.

ನಮ್ಮ ನೆಲದ ಹಳೇ ಕಳ್ಳಿಗಳು ಮುರಿದರೆ ಹಾಲು ಸುರಿಸ್ತವೆ, ಅವುಗಳ ಕುಲ ಬೇರೆ. ಪಾಪಾಸುಕಳ್ಳಿ, ಬ್ರಹ್ಮಕಮಲ ಎರಡೂ ಅಮೆರಿಕದ ಒಂದೇ ಕುಲದವು. ನಮ್ಮೂರಿನ ಪಾರ್ಶ್ವನಾಥ ಬಸದಿಯನ್ನ ಬೊಪ್ಪದೇವ ತನ್ನ ತಂದೆ ಗಂಗರಾಜನ ನೆನಪಿಗೆ ಕಟ್ಟಿಸಿದ್ದು 1133ರಲ್ಲಿ. ಆಗ ಈ ಎರಡೂ ಇಲ್ಲಿ ಇರಲಿಲ್ಲ. 1492ರಲ್ಲಿ ಕೊಲಂಬಸ್ ಅಮೆರಿಕ ಮುಟ್ಟಿದ ಮೇಲೆ, ಮೆಣಸಿನಕಾಯಿ, ಆಲೂಗಡ್ಡೆ ಬಂದ ಹಾಗೆ, ಇವೂ ಸಮುದ್ರ ದಾಟಿ ಬಂದವು.

ಪಾಪಾಸುಕಳ್ಳಿಯ ಹಿಂದೆ ಬಣ್ಣದ ಆಸೆಯೂ ಇತ್ತು. ಆ ಕಳ್ಳಿ ಮೇಲೆ ಬದುಕೋ ಕೊಚಿನಿಯಲ್ ಅನ್ನೋ ಹುಳದಿಂದ ಕೆಂಪು ಬಣ್ಣ ತೆಗೀತಿದ್ದರು. ಅದರ ಲಾಭ ಸ್ಪೇನಿನವರ ಕೈಯಲ್ಲಿತ್ತು. ಅದನ್ನ ತಾವೂ ಮಾಡಬೇಕು ಅಂತ ಈಸ್ಟ್ ಇಂಡಿಯಾ ಕಂಪನಿಯವರು ಹೊರಟರು. ಮದ್ರಾಸಿನಲ್ಲಿ ಡಾಕ್ಟರ್ ಜೇಮ್ಸ್ ಆಂಡರ್ಸನ್ ಕಳ್ಳಿ ತೋಟವನ್ನೇ ಮಾಡಿದ್ದರು. 1795ರಲ್ಲಿ ಬ್ರೆಜಿಲ್ಲಿನಿಂದ ಹುಳ ಕಲ್ಕತ್ತೆಗೆ ಬಂತು. ಆದರೆ ಬಂದದ್ದು ಕಳಪೆ ಜಾತಿ. ಬಣ್ಣ ಗಿಟ್ಟಲಿಲ್ಲ, ಹುಳ ಕಳ್ಳಿಯನ್ನೇ ತಿಂದು ಮುಗಿಸ್ತು. ಆಮೇಲೆ ಇನ್ನೊಂದು ಜಾತಿಯ ಪಾಪಾಸುಕಳ್ಳಿ ದಕ್ಷಿಣದ ಹೊಲಗಳನ್ನೆಲ್ಲ ಆವರಿಸಿದಾಗ, ಅದನ್ನ ತೊಲಗಿಸೋಕೆ 1926ರಲ್ಲಿ ಸಿಲೋನಿನಿಂದ ಬೇರೆ ಜಾತಿಯ ಹುಳ ತಂದು ಬಿಟ್ಟರು. ನಮ್ಮ ತಾತ ಹೇಳೋರು, "ಬೇಲಿ ತುಂಬ ಕಳ್ಳಿ ಇತ್ತು ಕಣೋ, ಹತ್ತಿ ಅಂಟಿದಂಗೆ ಬಿಳೀ ಹುಳ ಬಂದು ಬೇಲಿನೇ ಕರಗೋಯ್ತು" ಅಂತ.

ಈಗ ನನ್ನ ತಪ್ಪಿಗೆ ಬರೋಣ. ಕಳ್ಳಿ ತಾನೇ ಅಂತ ನಾನು ಅವ್ವನ ಗಿಡಾನ ತಾರಸಿಯ ಬಿಸಿಲಿಗೆ ಇಟ್ಟೆ. ಹಳದಿಯಾಯ್ತು. ಗಾಬರಿಯಾಗಿ ಕೆರೆಗೋಡು ತುಂಬಿ ದಿನಾ ನೀರು ಹಾಕಿದೆ. ಬೇರು ಕೊಳೀತು. ಪಾಪಾಸುಕಳ್ಳಿ ಬಯಲಿನ ಗಿಡ, ಬಿಸಿಲು ತಡಿಯುತ್ತೆ. ಬ್ರಹ್ಮಕಮಲದ ತವರು ಕಾಡು. ಅಲ್ಲಿ ಅದು ನಮ್ಮ ಮಲೆನಾಡಿನ ಸೀತಾಳೆಯ ಹಾಗೆ ಮರದ ಕೊಂಬೆ ಮೇಲೆ, ನೆರಳಲ್ಲಿ, ಒಂದಿಷ್ಟು ತರಗೆಲೆಯಲ್ಲಿ ಬದುಕುತ್ತೆ. ಕುಲ ಒಂದೇ ಆದ್ರೂ ಬಾಳಿದ ಜಾಗ ಬೇರೆ. ನಾನು ಕುಲ ನೋಡಿದೆ, ಜಾಗ ನೋಡಲಿಲ್ಲ.

ಕುಂಡ ಖಾಲಿ ಮಾಡೋ ಹೊತ್ತಿಗೆ ಹಿಂದಿನ ಬೀದಿಯ ಅಕ್ಕ ಬಂದು, "ನಿಮ್ಮವ್ವ ಕೊಟ್ಟ ಎಲೇನೇ ನಮ್ಮನೇಲಿ ಗಿಡ ಆಗಿದೆ, ತಗೋ" ಅಂತ ಒಂದು ತುಂಡು ಕೊಟ್ಟರು. ಈ ಗಿಡ ಕಾಯಿ ಕಟ್ಟಿದ್ದನ್ನ ನಾನು ನೋಡಿಲ್ಲ. ನಮ್ಮ ಊರುಗಳಲ್ಲಿ ಇದು ಹರಡಿರೋದೇ ಹೀಗೆ, ಕೈಯಿಂದ ಕೈಗೆ.

ಆ ತುಂಡನ್ನ ನಾಲ್ಕು ದಿನ ನೆರಳಲ್ಲಿ ಇಟ್ಟು, ಕೊಯ್ದ ಬಾಯಿ ಒಣಗಿದ ಮೇಲೆ ನೆಟ್ಟೆ. ತಳಕ್ಕೆ ಹೆಂಚಿನ ಚೂರು, ಮೇಲೆ ತೆಂಗಿನ ಸಿಪ್ಪೆ, ಕೊಳೆತ ತರಗೆಲೆ, ಸ್ವಲ್ಪ ಮರಳು, ಒಂದು ಹಿಡಿ ಕೆಮ್ಮಣ್ಣು. ಬೆಳಗಿನ ಎಳೆಬಿಸಿಲು ಸಾಕು. ಬೆರಳಿಟ್ಟು ನೋಡಿ ಮೇಲಿನ ಮಣ್ಣು ಒಣಗಿದ್ರೆ ಮಾತ್ರ ನೀರು. ಬಿಳೀ ಹುಳ ಕಂಡ್ರೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಮೂರನೇ ಮಳೆಗಾಲಕ್ಕೆ ಎರಡು ಮೊಗ್ಗು ಬಂದವು. ಅರಳಿದ ರಾತ್ರಿ ಆ ಅಕ್ಕನ್ನ ಕರೆದೆ. ಬೆಳಗಾಗೋ ಹೊತ್ತಿಗೆ ಹೂವು ಬಾಡಿತ್ತು. ಅವ್ವನ ಗಿಡ ಮಾತ್ರ ಜಗಲಿಯಲ್ಲಿದೆ. ನಮ್ಮೂರ ಬಸದಿ ನೋಡೋಕೆ ಬಂದ್ರೆ ಮನೆಗೂ ಬನ್ನಿ, ಒಂದು ಎಲೆ ಕೊಡ್ತೀನಿ.