ಸವೆದ ಮೃದ್ವಸ್ಥಿಗೆ ಕಾಂಡಕೋಶ ಚಿಕಿತ್ಸೆ: ವಿಜ್ಞಾನ ಮತ್ತು ಧರ್ಮಸಭೆಯ ನಿಲುವು

ಎಲುಬುಗಳು ಕೂಡುವಲ್ಲಿ ಅವುಗಳ ತುದಿಯನ್ನು ಹೊದೆದಿರುವ ನುಣುಪಾದ ಪದರವೇ ಮೃದ್ವಸ್ಥಿ. ಮೊಣಗಂಟಿನಲ್ಲಿ ಇದರ ದಪ್ಪ ಕೆಲವೇ ಮಿಲಿಮೀಟರ್. ಇದರಲ್ಲಿ ರಕ್ತನಾಳಗಳಿಲ್ಲ, ನರಗಳೂ ಇಲ್ಲ. ಆದ್ದರಿಂದ ಗಾಯವಾದರೆ ಚರ್ಮದಂತೆ ಮಾಯುವುದಿಲ್ಲ. ನೋವು ಕಾಣಿಸುವ ಹೊತ್ತಿಗೆ ಸವೆತ ಮುಂದುವರಿದಿರುತ್ತದೆ. ಹಾಳಾದ ಮೃದ್ವಸ್ಥಿ ಮತ್ತೆ ಸರಿಹೋಗದೆಂದು ವಿಲಿಯಂ ಹಂಟರ್ 1743ರಲ್ಲೇ ಹೇಳಿದ್ದರು.

ಸ್ವಂತ ಜೀವಕೋಶಗಳ ಕಸಿ

ಸ್ವೀಡನ್ನಿನ ಗೊಥೆನ್‌ಬರ್ಗ್‌ನ ವೈದ್ಯರು 1987ರಲ್ಲಿ ಹೊಸ ದಾರಿ ಹಿಡಿದರು. ರೋಗಿಯ ಆರೋಗ್ಯವಂತ ಮೃದ್ವಸ್ಥಿಯ ಚಿಕ್ಕ ತುಣುಕು ತೆಗೆದು, ಅದರ ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಗಾಯವಾದಲ್ಲಿ ಇರಿಸಿದರು. 23 ರೋಗಿಗಳ ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ಜೀವಕೋಶಗಳನ್ನು ಕೊಲಾಜೆನ್ ಪೊರೆಯ ಮೇಲೆ ಬೆಳೆಸಿ ಅಂಟಿಸುವ ವಿಧಾನಕ್ಕೆ ಅಮೆರಿಕ 2016ರಲ್ಲಿ ಒಪ್ಪಿಗೆ ನೀಡಿತು. ಇವು ಸೀಮಿತ ಗಾಯಕ್ಕೆ ಹೊಂದುತ್ತವೆ; ಇಡೀ ಕೀಲು ಸವೆದವರಿಗೆ ಅಲ್ಲ.

ಕಾಂಡಕೋಶಗಳು

ಅಸ್ಥಿಮಜ್ಜೆ, ಕೊಬ್ಬು, ಹೊಕ್ಕುಳಬಳ್ಳಿಯಲ್ಲಿ ದೊರೆಯುವ ಕೆಲವು ಕಾಂಡಕೋಶಗಳು ಮೃದ್ವಸ್ಥಿಯ ಕೋಶಗಳಾಗಿ ಬೆಳೆಯಬಲ್ಲವು. ಹೊಕ್ಕುಳಬಳ್ಳಿಯ ರಕ್ತದಿಂದ ತಯಾರಿಸಿದ ಚಿಕಿತ್ಸೆಗೆ ದಕ್ಷಿಣ ಕೊರಿಯಾ 2012ರಲ್ಲಿ ಅನುಮತಿ ನೀಡಿತು. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ದಾನಿಗಳ ಅಸ್ಥಿಮಜ್ಜೆಯಿಂದ ತಯಾರಿಸಿದ ಚುಚ್ಚುಮದ್ದಿಗೆ, ಮೊಣಗಂಟಿನ ಸವೆತಕ್ಕಾಗಿ, 2022ರಲ್ಲಿ ಭಾರತದಲ್ಲಿ ಅನುಮತಿ ದೊರೆಯಿತು. ನೋವು ತಗ್ಗುವುದು ಒಂದು, ದೇವರು ಕೊಟ್ಟಂಥ ಮೃದ್ವಸ್ಥಿ ಮರಳಿ ಬೆಳೆಯುವುದು ಇನ್ನೊಂದು. ಎರಡನೆಯದು ಇನ್ನೂ ಪೂರ್ಣವಾಗಿ ಕೈಗೂಡಿಲ್ಲ. ಹಲವೊಮ್ಮೆ ಬೆಳೆಯುವುದು ಅಷ್ಟು ಬಾಳಿಕೆ ಬಾರದ ನಾರುಯುಕ್ತ ಮೃದ್ವಸ್ಥಿ.

ಧರ್ಮಸಭೆಯ ನಿಲುವು

ಧರ್ಮಸಭೆ ಕಾಂಡಕೋಶ ಚಿಕಿತ್ಸೆಯನ್ನೇ ವಿರೋಧಿಸುತ್ತದೆ ಎಂಬುದು ತಪ್ಪು ತಿಳಿವಳಿಕೆ. 2008ರಲ್ಲಿ ಪ್ರಕಟವಾದ ‘ದಿಗ್ನಿತಾಸ್ ಪೆರ್ಸೊನೆ’ ದಸ್ತಾವೇಜು ಈ ಭೇದವನ್ನು ಸ್ಪಷ್ಟಪಡಿಸಿದೆ. ವಯಸ್ಕರ ಅಂಗಾಂಶದಿಂದ ಅಥವಾ ಹೆರಿಗೆಯ ವೇಳೆ ಹೊಕ್ಕುಳಬಳ್ಳಿಯ ರಕ್ತದಿಂದ, ಯಾರಿಗೂ ಗಂಭೀರ ಹಾನಿಯಾಗದಂತೆ ಪಡೆದ ಕೋಶಗಳ ಬಳಕೆ ನ್ಯಾಯಸಮ್ಮತ. ಜೀವಂತ ಭ್ರೂಣವನ್ನು ನಾಶಮಾಡಿ ಪಡೆಯುವುದು ಗಂಭೀರ ಅಪರಾಧ. ಒಬ್ಬರ ಗುಣಕ್ಕಾಗಿ ಇನ್ನೊಂದು ಜೀವವನ್ನು ಬಲಿಕೊಡುವಂತಿಲ್ಲ. ಮೇಲೆ ಹೇಳಿದ ಚಿಕಿತ್ಸೆಗಳಲ್ಲಿ ಯಾವುದಕ್ಕೂ ಭ್ರೂಣದ ಅಗತ್ಯವಿಲ್ಲ.

ಎಚ್ಚರಿಕೆ

ಅನುಮೋದಿತ ಚಿಕಿತ್ಸೆ ಬಿಟ್ಟರೆ, ಪರವಾನಗಿ ಪಡೆದ ಪ್ರಯೋಗದ ಹೊರಗೆ ಕಾಂಡಕೋಶಗಳನ್ನು ಮದ್ದಾಗಿ ಕೊಡಕೂಡದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ಹಣ ಕಟ್ಟುವ ಮುನ್ನ ಮೂರು ಪ್ರಶ್ನೆ ಕೇಳಿರಿ: ಕೋಶಗಳು ಎಲ್ಲಿಂದ ಬಂದವು? ಅನುಮತಿ ಪತ್ರ ಎಲ್ಲಿದೆ? ನನ್ನ ಸವೆತದ ಹಂತಕ್ಕೆ ಇದು ಹೊಂದುತ್ತದೆಯೇ? ತೂಕ ಇಳಿಸುವುದು, ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ ಇಂದಿಗೂ ಮೊದಲ ಮದ್ದು.

ಬಲಿಪೂಜೆಯಲ್ಲಿ ಮೊಣಕಾಲೂರಲಾಗದೆ ಕುಳಿತೇ ಪ್ರಾರ್ಥಿಸುವ ಹಿರಿಯರು ನಮ್ಮ ಪ್ರತಿ ಚರ್ಚಿನಲ್ಲೂ ಇದ್ದಾರೆ. ಅವರಿಗೆ ಭರವಸೆ ಬೇಕು. ಆದರೆ ಅದು ಸತ್ಯವಾದ ಭರವಸೆಯಾಗಿರಲಿ.